ಮೂರನೆಯವನ ಜಾಗ: ಟೆಕ್ಸಾಸ್‌ನ ಒಂದು ಕುಸ್ತಿ ಬೆಲ್ಟಿನ ಕಥೆ

(ಗೆಳೆಯರ ಬಳಗದಲ್ಲಿ ಆಡಿದ ಮಾತನ್ನು ಬರಹಕ್ಕೆ ಇಳಿಸಿದ್ದೇನೆ. ಸಮಯ ಸಾಲದೆ ಅಲ್ಲಿ ಬಿಟ್ಟಿದ್ದ ಕೆಲವು ವಿಷಯಗಳನ್ನು ಇಲ್ಲಿ ಸೇರಿಸಿದ್ದೇನೆ. ಮಾತಿನ ಧಾಟಿ ಮಾತ್ರ ಹಾಗೇ ಇದೆ.)

ಎಲ್ಲರಿಗೂ ನಮಸ್ಕಾರ.

ಕುಸ್ತಿ ಬೆಲ್ಟು ಅಂದರೆ ನಮ್ಮ ಕಣ್ಣ ಮುಂದೆ ಬರುವುದು ಒಬ್ಬ ಮನುಷ್ಯ. ಬೆಲ್ಟನ್ನು ಹೆಗಲ ಮೇಲೆ ಹಾಕಿಕೊಂಡು ನಿಂತವನು. ತೊಂಬತ್ತರ ದಶಕದಲ್ಲಿ ಕೇಬಲ್ ಬಂದಾಗ ನಮ್ಮಲ್ಲಿ ಬಹಳ ಮಂದಿ ಟಿವಿಯಲ್ಲಿ ನೋಡಿದ್ದೂ ಇದನ್ನೇ. ಇಬ್ಬರ ಜೋಡಿಗೆ ಕೊಡುವ ಟ್ಯಾಗ್ ಟೀಮ್ ಬೆಲ್ಟೂ ಗೊತ್ತು. ಮೂವರಿಗೆ ಒಟ್ಟಿಗೆ ಕೊಡುವ ಬೆಲ್ಟಿನ ಬಗ್ಗೆ ಮಾತ್ರ ಕೇಳಿದವರು ಕಡಿಮೆ. ಅದಕ್ಕೆ ಕಾರಣವೂ ಇದೆ. ನಾವು ನೋಡುತ್ತಿದ್ದ ಆ ದೊಡ್ಡ ಕಂಪನಿ, ಅಂದರೆ ಡಬ್ಲ್ಯೂಡಬ್ಲ್ಯೂಎಫ್ (ಈಗಿನ ಡಬ್ಲ್ಯೂಡಬ್ಲ್ಯೂಇ), ಮೂವರ ಬೆಲ್ಟನ್ನು ಯಾವತ್ತೂ ಇಟ್ಟುಕೊಳ್ಳಲೇ ಇಲ್ಲ.

ನಾನು ಇವತ್ತು ಹೇಳಬೇಕು ಅಂದುಕೊಂಡಿರುವುದು ಅಂಥ ಒಂದು ಬೆಲ್ಟಿನ ಕಥೆ. ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ, ಡಲ್ಲಾಸ್ ಊರಿನಲ್ಲಿ, ವರ್ಲ್ಡ್ ಕ್ಲಾಸ್ ಅನ್ನುವ ಕುಸ್ತಿ ಕಂಪನಿ ಇತ್ತು. ಅವರದು ಸಿಕ್ಸ್ ಮ್ಯಾನ್ ಟ್ಯಾಗ್ ಟೀಮ್ ಚಾಂಪಿಯನ್‌ಶಿಪ್. ಆ ಕಡೆ ಮೂವರು, ಈ ಕಡೆ ಮೂವರು, ಒಟ್ಟು ಆರು ಜನ. ಮೊದಲ ಇಬ್ಬರು ಯಾರು ಅನ್ನುವುದು ಇಂಥ ಬೆಲ್ಟಿನಲ್ಲಿ ಸಾಮಾನ್ಯವಾಗಿ ಮೊದಲೇ ಗೊತ್ತಿರುತ್ತದೆ. ಮೂರನೆಯವನು ಯಾರು? ಇದರ ಇತಿಹಾಸವನ್ನು ಓದಿದಷ್ಟೂ ನನಗೆ ಆ ಮೂರನೆಯ ಜಾಗವೇ ಕಾಣುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. 'ಇದೆಲ್ಲಾ ಮೊದಲೇ ಮಾತಾಡಿಕೊಂಡು ಆಡುವುದು ಅಲ್ವಾ?' ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಹೌದು. ಯಾರು ಗೆಲ್ಲಬೇಕು ಅಂತ ಮೊದಲೇ ತೀರ್ಮಾನ ಆಗಿರುತ್ತದೆ. ಆದರೆ ಕರಾವಳಿಯಲ್ಲಿ ರಾತ್ರಿಯಿಡೀ ಕೂತು ಭೀಮ ದುರ್ಯೋಧನರ ಗದಾಯುದ್ಧದ ಆಟ ನೋಡುವವರಿಗೂ ಯಾರು ಬೀಳುತ್ತಾರೆ ಅಂತ ಗೊತ್ತಿರುತ್ತದೆ. ಆದರೂ ತೊಡೆ ಮುರಿಯುವ ಹೊತ್ತಿಗೆ ನಿದ್ದೆ ಹೋದವರೆಲ್ಲ ಎದ್ದು ಕೂರುತ್ತಾರೆ. ನಾನು ಕುಸ್ತಿಯನ್ನು ನೋಡುವುದು ಹಾಗೆ. ಅದರಲ್ಲೂ ಈ ಕಥೆಯಲ್ಲಿ ಆಟ ಎಲ್ಲಿ ಮುಗಿಯಿತು, ಬದುಕು ಎಲ್ಲಿ ಶುರುವಾಯಿತು ಅಂತ ಗೆರೆ ಎಳೆಯುವುದು ಕಷ್ಟ.

ಒಂದು ಮನೆತನದಿಂದ ಶುರು ಮಾಡೋಣ. ಅಪ್ಪನ ಹೆಸರು ಜ್ಯಾಕ್ ಆಡ್ಕಿಸನ್, ಹುಟ್ಟಿದ್ದು 1929ರಲ್ಲಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಜನಕ್ಕೆ ಜರ್ಮನ್ ಅಂದರೆ ಉರಿಯುತ್ತಿತ್ತು. ಅದನ್ನೇ ಬಳಸಿಕೊಂಡು ಇವರು ಫ್ರಿಟ್ಜ್ ವಾನ್ ಎರಿಕ್ ಅಂತ ಹೆಸರಿಟ್ಟುಕೊಂಡು ಜರ್ಮನ್ ಖಳನಾಗಿ ರಿಂಗಿಗೆ ಇಳಿದರು. ಅಗಲವಾದ ಅಂಗೈಯಿಂದ ಎದುರಾಳಿಯ ತಲೆಯನ್ನು ಹಿಡಿದು ಅದುಮುವುದು ಇವರ ಪಟ್ಟು. ಐರನ್ ಕ್ಲಾ ಅಂತ ಅದರ ಹೆಸರು, ಅಂದರೆ ಉಕ್ಕಿನ ಪಂಜ. ಜೊತೆಗೆ ಇನ್ನೊಬ್ಬ ಪೈಲ್ವಾನ ವಾಲ್ಡೋ ವಾನ್ ಎರಿಕ್ ಅಂತ ತಮ್ಮನ ಪಾತ್ರ ಮಾಡುತ್ತಿದ್ದ. ಅವನು ಸ್ವಂತ ತಮ್ಮ ಅಲ್ಲ. ಈ ವಿಷಯ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಹೀಗೆ ಸುಮ್ನೆ ವೇಷಕ್ಕೆ ಇಟ್ಟುಕೊಂಡ ಹೆಸರು ಮಕ್ಕಳ ಕಾಲಕ್ಕೆ ಮನೆತನದ ಹೆಸರಾಯಿತು. ಫ್ರಿಟ್ಜ್ ಡಲ್ಲಾಸ್‌ನಲ್ಲಿ ಕಂಪನಿಯ ಯಜಮಾನರಾದರು. ಅವರಿಗೆ ಆರು ಗಂಡು ಮಕ್ಕಳು. ಮೊದಲನೆಯವನು ಜ್ಯಾಕ್ 1959ರಲ್ಲಿ ಆರು ವರ್ಷದವನಿದ್ದಾಗಲೇ ತೀರಿಕೊಂಡ. ಕೆವಿನ್, ಡೇವಿಡ್, ಕೆರಿ ಮೂವರೂ ಕುಸ್ತಿಗೆ ಬಂದರು. ಕೆವಿನ್ ಬರಿಗಾಲಿನಲ್ಲಿ ಆಡುತ್ತಿದ್ದ. ಡೇವಿಡ್ ಎತ್ತರದ ಹುಡುಗ, ಮಾತಿನಲ್ಲೂ ಆಟದಲ್ಲೂ ಜಾಣ. ಕೆರಿಯದು ಶಿಲೆ ಕೆತ್ತಿದ ಹಾಗಿದ್ದ ಮೈಕಟ್ಟು. ಸ್ಪೋರ್ಟಟೋರಿಯಮ್ ಅನ್ನುವ ತಗಡಿನ ಕಟ್ಟಡದಲ್ಲಿ ವಾರ ವಾರ ಪಂದ್ಯ ನಡೆಯುತ್ತಿತ್ತು. ಬೇಸಿಗೆಯಲ್ಲಿ ಅಲ್ಲಿ ಸೆಕೆ ತಡೆಯಲಾಗುತ್ತಿರಲಿಲ್ಲ. ಆದರೂ ಹದಿಹರೆಯದ ಹುಡುಗಿಯರು ಮುಂದಿನ ಸಾಲಿನಲ್ಲಿ ಕೂತು ಕಿರುಚುತ್ತಿದ್ದರು. ಇವರ ಟಿವಿ ಕಾರ್ಯಕ್ರಮ ಅಮೆರಿಕದ ಬೇರೆ ಬೇರೆ ಊರುಗಳಿಗಷ್ಟೇ ಅಲ್ಲ, ದೂರದ ಇಸ್ರೇಲ್‌ಗೂ ಹೋಗಿ ಅಲ್ಲಿಯೂ ಈ ಅಣ್ಣತಮ್ಮಂದಿರು ಮನೆಮಾತಾಗಿದ್ದರು.

ಅಣ್ಣತಮ್ಮಂದಿರು ಮೂವರಿದ್ದಾಗ ಮೂವರ ಪಂದ್ಯ ತಾನಾಗೇ ಹುಟ್ಟುತ್ತದೆ. ಎದುರಿಗೆ ಅಷ್ಟೇ ಗಟ್ಟಿಯಾದ ಇನ್ನೊಂದು ಮೂವರ ಗುಂಪು ಬೇಕಲ್ಲ? 1982ರಲ್ಲಿ ಅವರು ಬಂದರು. ಫ್ಯಾಬ್ಯುಲಸ್ ಫ್ರೀಬರ್ಡ್ಸ್. ಮೈಕೆಲ್ ಹೇಯ್ಸ್, ಟೆರಿ ಗೋರ್ಡಿ, ಬಡಿ ರಾಬರ್ಟ್ಸ್. ಹೇಯ್ಸ್ ಉದ್ದ ಹೊಂಬಣ್ಣದ ಕೂದಲಿನ ಮಾತುಗಾರ. ಗೋರ್ಡಿ ಭಾರೀ ಆಳು, ಅಷ್ಟು ದೊಡ್ಡ ದೇಹಕ್ಕೆ ಆಗ ಬರೀ 21 ವಯಸ್ಸು ಅಂದರೆ ನಂಬಲಾಗುವುದಿಲ್ಲ. ರಾಬರ್ಟ್ಸ್ ವಯಸ್ಸಿನಲ್ಲಿ ದೊಡ್ಡವನು, ಅನುಭವಿ. ಒಬ್ಬ ಮಾತಾಡಲು, ಒಬ್ಬ ಹೊಡೆಯಲು, ಒಬ್ಬ ಬಿದ್ದು ಬಿದ್ದು ಆಟ ಕಟ್ಟಲು. ರಾಬರ್ಟ್ಸ್‌ನ ಹೆಸರು ಯಾವಾಗಲೂ ಕೊನೆಗೆ ಬರುತ್ತದೆ. ನನಗಂತೂ ಆ ಗುಂಪಿನ ಜೀವ ಅವನೇ ಅನ್ನಿಸುತ್ತದೆ. ಎದುರಾಳಿಯ ಒಂದೊಂದು ಏಟೂ ದೊಡ್ಡದಾಗಿ ಕಾಣುತ್ತಿದ್ದದ್ದು ಅವನು ಬೀಳುತ್ತಿದ್ದ ರೀತಿಯಿಂದ.

ಫ್ರೀಬರ್ಡ್ಸ್ ಡಲ್ಲಾಸ್‌ಗೆ ಬರುವ ಮೊದಲೇ ಕುಸ್ತಿ ಲೋಕಕ್ಕೆ ಒಂದು ನಿಯಮ ಕೊಟ್ಟಿದ್ದರು. ಅವರು ಇಬ್ಬರ ಬೆಲ್ಟು ಗೆದ್ದರೆ ಅದು ಮೂವರಿಗೂ ಸೇರಿದ್ದು. ಯಾವ ಇಬ್ಬರು ಬೇಕಾದರೂ ಆವತ್ತಿನ ಪಂದ್ಯಕ್ಕೆ ಇಳಿಯಬಹುದು. ಇವತ್ತಿಗೂ ಇದನ್ನು ಫ್ರೀಬರ್ಡ್ ರೂಲ್ ಅಂತಲೇ ಕರೆಯುತ್ತಾರೆ. ಅಂದರೆ ಮೂರನೆಯವನಿಗೂ ಪಾಲು ಕೊಡಬೇಕು ಅಂತ ಹಟ ಹಿಡಿದ ಗುಂಪು ಇದು. ಇವರಿಗೆ ಮೂವರದೇ ಒಂದು ಬೆಲ್ಟು ಸಿಕ್ಕಿದ್ದು ಸರಿಯಾಗಿಯೇ ಇತ್ತು.

ಅದು ಸಿಕ್ಕಿದ್ದು 1982ರ ಡಿಸೆಂಬರ್ 25ರಂದು, ಕ್ರಿಸ್ಮಸ್ ರಾತ್ರಿ, ಡಲ್ಲಾಸ್‌ನ ರಿಯೂನಿಯನ್ ಅರೀನಾದಲ್ಲಿ. ಆಗ ಫ್ರೀಬರ್ಡ್ಸ್ ಮತ್ತು ವಾನ್ ಎರಿಕ್ ಹುಡುಗರು ಒಳ್ಳೆಯ ಸ್ನೇಹಿತರು ಅಂತಲೇ ಕಥೆ ನಡೆದಿತ್ತು. ಬೆಲ್ಟಿನ ಪಂದ್ಯಕ್ಕೆ ಬಡಿ ರಾಬರ್ಟ್ಸ್ ಇರಲಿಲ್ಲ. ಅವನ ಜಾಗಕ್ಕೆ ಹೇಯ್ಸ್ ಮತ್ತು ಗೋರ್ಡಿ ಜೊತೆ ನಿಂತವನು ಯಾರು ಗೊತ್ತಾ? ಡೇವಿಡ್ ವಾನ್ ಎರಿಕ್. ಗೆದ್ದ ಮೇಲೆ ತನ್ನ ಪಾಲಿನ ಪಟ್ಟವನ್ನು ರಾಬರ್ಟ್ಸ್‌ಗೆ ಬಿಟ್ಟುಕೊಟ್ಟ. ಮುಂದೆ ವರ್ಷಗಟ್ಟಲೆ ವೈರಿಗಳಾಗಲಿದ್ದ ಗುಂಪಿಗೆ ಮೊದಲ ಬೆಲ್ಟು ಗೆದ್ದುಕೊಟ್ಟವನು ಆ ಮನೆಯ ಮಗನೇ.

ಅದೇ ರಾತ್ರಿ, ಕೆಲವೇ ಹೊತ್ತಿನ ಮೇಲೆ ಇನ್ನೊಂದು ಪಂದ್ಯ. ಕಬ್ಬಿಣದ ಪಂಜರದೊಳಗೆ ಕೆರಿ ಮತ್ತು ವಿಶ್ವ ಚಾಂಪಿಯನ್ ರಿಕ್ ಫ್ಲೇರ್. ಒಳಗೆ ವಿಶೇಷ ರೆಫರಿಯಾಗಿ ಹೇಯ್ಸ್, ಪಂಜರದ ಬಾಗಿಲಿಗೆ ಕಾವಲು ಗೋರ್ಡಿ. ಹೇಯ್ಸ್ ಒಂದು ಹಂತದಲ್ಲಿ ಫ್ಲೇರ್‌ನನ್ನು ತಾನೇ ಹೊಡೆದು ಬೀಳಿಸಿ, 'ಮೇಲೆ ಬಿದ್ದು ಗೆದ್ದುಕೋ' ಅನ್ನುವಂತೆ ಕೆರಿಯನ್ನು ತಳ್ಳಿದ. ಕೆರಿ ಒಪ್ಪಲಿಲ್ಲ. ಹಾಗೆ ಗೆಲ್ಲುವುದು ಅವನಿಗೆ ಬೇಡ. ಅಲ್ಲಿಂದ ಮಾತು ಕೆಟ್ಟಿತು, ನೂಕಾಟ ಆಯಿತು, ಗೋರ್ಡಿ ಪಂಜರದ ಬಾಗಿಲನ್ನು ಎಳೆದು ಕೆರಿಯ ತಲೆಗೆ ಅಪ್ಪಳಿಸಿದ. ಅಷ್ಟೇ. ಆ ಒಂದು ಬಾಗಿಲು ಬಡಿದ ಸದ್ದಿನಿಂದ ಟೆಕ್ಸಾಸ್‌ನಲ್ಲಿ ವರ್ಷಗಟ್ಟಲೆ ಸ್ಟೇಡಿಯಂಗಳು ತುಂಬಿದವು.

ಇಲ್ಲಿ ಸ್ವಲ್ಪ ನಿಂತು, ಮೂವರ ಪಂದ್ಯ ಹೇಗೆ ನಡೆಯುತ್ತದೆ ಅಂತ ಹೇಳಬೇಕು. ಒಂದು ಹೊತ್ತಿಗೆ ಒಂದು ಕಡೆಯಿಂದ ಒಬ್ಬನೇ ಒಳಗಿರಬೇಕು. ಹಗ್ಗದ ಆಚೆ ನಿಂತ ಜೊತೆಗಾರನ ಕೈ ತಟ್ಟಿದರೆ ಅವನು ಒಳಗೆ, ಇವನು ಹೊರಗೆ. ಇಬ್ಬರ ಪಂದ್ಯದಲ್ಲಿ ರೆಫರಿ ಹೊರಗಿನ ಇಬ್ಬರ ಮೇಲೆ ಕಣ್ಣಿಟ್ಟರೆ ಸಾಕು. ಇಲ್ಲಿ ನಾಲ್ವರು ಹೊರಗಿರುತ್ತಾರೆ, ಅವನಿಗೆ ಎಲ್ಲ ಕಡೆ ನೋಡಲು ಆಗುವುದಿಲ್ಲ. ಖಳರಿಗೆ ಅದೇ ಬೇಕು. ಒಬ್ಬನನ್ನು ತಮ್ಮ ಮೂಲೆಗೆ ಎಳೆದುಕೊಂಡು, ಮೂವರೂ ಸರದಿಯ ಮೇಲೆ ಬಂದು ಬಡಿಯುತ್ತಾರೆ. ದಣಿದವನು ಹೊರಗೆ ಹೋಗುತ್ತಾನೆ, ದಣಿಯದವನು ಒಳಗೆ ಬರುತ್ತಾನೆ. ಆ ಕಡೆ ಇಬ್ಬರು ಅಣ್ಣತಮ್ಮಂದಿರು ಹಗ್ಗದ ಮೇಲೆ ಬಾಗಿ ಕೈ ಚಾಚಿ ನಿಂತಿರುತ್ತಾರೆ, ಒಳಗೆ ಬಿದ್ದವನು ತೆವಳಿಕೊಂಡು ಬರುತ್ತಿರುತ್ತಾನೆ, ಬೆರಳು ಇನ್ನೇನು ತಾಗಿತು ಅನ್ನುವಾಗ ಗೋರ್ಡಿ ಕಾಲು ಹಿಡಿದು ಹಿಂದಕ್ಕೆ ಎಳೆಯುತ್ತಾನೆ, ಇಡೀ ಸಭೆ ಎದ್ದು ನಿಂತು ಬೊಬ್ಬೆ ಹೊಡೆಯುತ್ತದೆ. ಕೊನೆಗೆ ಕೈ ತಾಗಿದಾಗ ಆಗುವ ಸದ್ದು ಇದೆಯಲ್ಲ, ಹಳೆಯ ವಿಡಿಯೋಗಳಲ್ಲೂ ಅದು ಮೈ ನವಿರೇಳಿಸುತ್ತದೆ. ಬಹಳ ಪಂದ್ಯಗಳು ಮೂರರಲ್ಲಿ ಎರಡು ಸುತ್ತು ಗೆಲ್ಲಬೇಕು ಅನ್ನುವ ಲೆಕ್ಕದಲ್ಲಿ ನಡೆಯುತ್ತಿದ್ದವು.

ಮೂವರ ಪಂದ್ಯಕ್ಕೆ ಇನ್ನೊಂದು ಗುಣ ಇದೆ. ಪ್ರಮೋಟರ್‌ಗಳಿಗೆ ಇದು ಚೆನ್ನಾಗಿ ಗೊತ್ತು. ಗಾಯ ಆದವನು, ವಯಸ್ಸಾದವನು, ಇನ್ನೂ ಆಟ ಕಲಿಯುತ್ತಿರುವವನು, ಯಾರೇ ಇರಲಿ, ಮೂವರ ನಡುವೆ ನಿಲ್ಲಿಸಿದರೆ ಆಟ ನಡೆಯುತ್ತದೆ. ಉಳಿದ ಇಬ್ಬರು ಭಾರ ಹೊರುತ್ತಾರೆ. ಇದನ್ನು ಕೊರತೆ ಅನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ.

ಜಗಳ ಮುಂದುವರಿಯಿತು. 1983ರ ಜುಲೈ 4, ಅಮೆರಿಕದ ಸ್ವಾತಂತ್ರ್ಯ ದಿನ. ಡೇವಿಡ್, ಕೆವಿನ್, ಕೆರಿ ಮೂವರೂ ಸೇರಿ ಫ್ರೀಬರ್ಡ್ಸ್‌ನಿಂದ ಬೆಲ್ಟು ಕಿತ್ತುಕೊಂಡರು. ಮತ್ತೆ ಅದು ಆ ಕಡೆ ಹೋಯಿತು. ಈ ಹಂತದ ಗೆಲುವು ಸೋಲಿನ ಪಟ್ಟಿಯನ್ನು ಓದಿ ಹೇಳುವುದರಲ್ಲಿ ಅರ್ಥ ಇಲ್ಲ. ಜನ ಆ ಪಟ್ಟಿಗಾಗಿ ಬರುತ್ತಿರಲಿಲ್ಲ. ನಮ್ಮೂರ ಹುಡುಗರು ಮತ್ತು ಜಾರ್ಜಿಯಾದಿಂದ ಬಂದ ಪುಂಡರು, ಒಂದು ಮನೆಯ ರಕ್ತ ಮತ್ತು ಮೂವರು ಗೆಳೆಯರ ಒಗ್ಗಟ್ಟು, ಎರಡರಲ್ಲಿ ಯಾವುದು ಗಟ್ಟಿ ಅಂತ ನೋಡಲು ಬರುತ್ತಿದ್ದರು.

ಆಮೇಲೆ 1984ರ ಫೆಬ್ರವರಿ 10. ಜಪಾನ್ ಪ್ರವಾಸಕ್ಕೆ ಹೋಗಿದ್ದ ಡೇವಿಡ್ ಟೋಕಿಯೋದಲ್ಲಿ ತನ್ನ ಹೋಟೆಲ್ ಕೋಣೆಯಲ್ಲಿ ತೀರಿಕೊಂಡ. ಕರುಳಿನ ತೀವ್ರ ಉರಿಯೂತ ಕಾರಣ ಅಂತ ಅಧಿಕೃತವಾಗಿ ಹೇಳಿದರು. 25 ವರ್ಷ. ವಿಶ್ವ ಚಾಂಪಿಯನ್ ಆಗುವುದು ಇವನೇ ಅಂತ ಬಹಳ ಮಂದಿ ನಂಬಿದ್ದರು.

ಮೂರನೆಯ ಜಾಗ ಖಾಲಿ ಆಯಿತು.

1984ರ ಮೇ 6ರಂದು ಡಲ್ಲಾಸ್ ಪಕ್ಕದ ಅರ್ವಿಂಗ್‌ನಲ್ಲಿ, ಟೆಕ್ಸಾಸ್ ಸ್ಟೇಡಿಯಂನಲ್ಲಿ ಡೇವಿಡ್ ನೆನಪಿಗೆ ದೊಡ್ಡ ಕುಸ್ತಿ ಇಟ್ಟುಕೊಂಡರು. 32 ಸಾವಿರಕ್ಕೂ ಜಾಸ್ತಿ ಜನ. ಆವತ್ತಿನ ಬಗ್ಗೆ ಬರೆಯುವವರೆಲ್ಲ ಕೆರಿಯ ಪಂದ್ಯದ ಬಗ್ಗೆ ಬರೆಯುತ್ತಾರೆ. ಅಣ್ಣನ ನೆನಪಿಗೆ ಅಂತ ಬರೆಸಿದ ಜಾಕೆಟ್ ಹಾಕಿಕೊಂಡು ಬಂದು, ಕೆರಿ ರಿಕ್ ಫ್ಲೇರ್‌ನನ್ನು ಸೋಲಿಸಿ ವಿಶ್ವ ಚಾಂಪಿಯನ್ ಆದ. ಬೆಲ್ಟು ಅವನ ಬಳಿ ಉಳಿದದ್ದು 18 ದಿನ. ಮೇ 24ಕ್ಕೆ ಜಪಾನಿನ ಯೊಕೊಸುಕಾದಲ್ಲಿ ಮತ್ತೆ ಫ್ಲೇರ್ ಕೈಗೆ ಹೋಯಿತು.

ನನ್ನ ಮನಸ್ಸು ನಿಲ್ಲುವುದು ಅದೇ ದಿನದ ಇನ್ನೊಂದು ಪಂದ್ಯದಲ್ಲಿ. ಮೂವರ ಬೆಲ್ಟಿಗೆ ಫ್ರೀಬರ್ಡ್ಸ್ ಎದುರು ಕೆವಿನ್ ಇದ್ದ. ಅವನ ಜೊತೆ ಯಾರು? ಒಬ್ಬ ತಮ್ಮ ಮೈಕ್, 20 ವರ್ಷದ ಹುಡುಗ, ಕುಸ್ತಿಗೆ ಇಳಿದು ಆರು ತಿಂಗಳೂ ತುಂಬಿರಲಿಲ್ಲ. ಇನ್ನೊಬ್ಬ ಅಪ್ಪ. ಎರಡು ವರ್ಷದ ಹಿಂದೆ ಇದೇ ಸ್ಟೇಡಿಯಂನಲ್ಲಿ ಕೊನೆಯ ಪಂದ್ಯ ಅಂತ ಆಡಿ ನಿವೃತ್ತಿ ಆಗಿದ್ದ ಫ್ರಿಟ್ಜ್, ಐವತ್ತು ದಾಟಿದ ಮನುಷ್ಯ, ಮತ್ತೆ ಚಡ್ಡಿ ಬೂಟು ಹಾಕಿಕೊಂಡು ಬಂದರು. ಮಗ ಸತ್ತು ಮೂರು ತಿಂಗಳಾಗಿತ್ತು. ಮಗ ನಿಲ್ಲುತ್ತಿದ್ದ ಜಾಗದಲ್ಲಿ ಹಗ್ಗ ಹಿಡಿದು ನಿಂತರು. ಗೆದ್ದರು.

ಇದನ್ನು ಟೀಕಿಸುವವರೂ ಇದ್ದಾರೆ. ದುಃಖವನ್ನು ಟಿಕೆಟ್ ಮಾಡಿ ಮಾರಿದರು ಅನ್ನುತ್ತಾರೆ. ಆ ಮಾತಿನಲ್ಲಿ ಸತ್ಯ ಇಲ್ಲ ಅಂತ ನಾನು ಹೇಳಲಾರೆ. ಮಕ್ಕಳನ್ನು ಒಬ್ಬರಾದ ಮೇಲೆ ಒಬ್ಬರಂತೆ ಆ ಖಾಲಿ ಜಾಗಕ್ಕೆ ತಂದು ನಿಲ್ಲಿಸಿದ್ದು ತಪ್ಪು ಅಂತಲೇ ನನ್ನ ಅಭಿಪ್ರಾಯ. ಮೈಕ್‌ಗೆ ಕ್ಯಾಮೆರಾ ಕೆಲಸದಲ್ಲೂ ಸಂಗೀತದಲ್ಲೂ ಆಸೆ ಇತ್ತು. 1985ರಲ್ಲಿ ಭುಜಕ್ಕೆ ಪೆಟ್ಟಾಗಿ ಶಸ್ತ್ರಚಿಕಿತ್ಸೆ ಆಯಿತು, ಅದರ ಹಿಂದೆಯೇ ಟಾಕ್ಸಿಕ್ ಶಾಕ್ ಅನ್ನುವ ಸೋಂಕು ಬಂದು ಸಾವಿನ ಬಾಗಿಲಿನವರೆಗೆ ಹೋಗಿ ಬಂದ. ಆಮೇಲೆ ಅವನು ಮೊದಲಿನ ಹುಡುಗ ಆಗಲೇ ಇಲ್ಲ. 1987ರ ಏಪ್ರಿಲ್‌ನಲ್ಲಿ ತನ್ನ ಜೀವ ತಾನೇ ತೆಗೆದುಕೊಂಡ. 23 ವರ್ಷ. ಆದರೆ ಮೇ 6ರ ಆ ಸಂಜೆ ಹಗ್ಗ ಹಿಡಿದು ನಿಂತ ಆ ಅಪ್ಪನನ್ನು ನೋಡಿದಾಗ ನನಗೆ ವ್ಯಾಪಾರಿ ಕಾಣುವುದಿಲ್ಲ.

ಮನೆಯವರು ಸಾಲದೆ ಬಂದಾಗ ಇನ್ನೊಂದು ಕೆಲಸ ಮಾಡಿದರು. 1985ರಲ್ಲಿ ಲ್ಯಾನ್ಸ್ ವಾನ್ ಎರಿಕ್ ಅನ್ನುವ ಹೊಸ ಹುಡುಗನನ್ನು ಚಿಕ್ಕಪ್ಪ ವಾಲ್ಡೋನ ಮಗ ಅಂತ ಹೇಳಿ ತಂದು ಅಣ್ಣತಮ್ಮಂದಿರ ಪಕ್ಕ ನಿಲ್ಲಿಸಿದರು. ನೆನಪಿದೆಯಲ್ಲ, ವಾಲ್ಡೋನೇ ಸ್ವಂತ ತಮ್ಮ ಅಲ್ಲ. ಆ ಹುಡುಗನಿಗೂ ಈ ಮನೆಗೂ ಯಾವ ಸಂಬಂಧವೂ ಇರಲಿಲ್ಲ. ಡಲ್ಲಾಸ್‌ನ ಜನಕ್ಕೆ ಅನುಮಾನ ಬಂದಿತ್ತು. 1987ರಲ್ಲಿ ಅವನು ಕಂಪನಿ ಬಿಟ್ಟು ಹೋದಾಗ ಫ್ರಿಟ್ಜ್ ಅವರೇ ಟಿವಿಯಲ್ಲಿ ಬಂದು ಇವನು ನಮ್ಮವನಲ್ಲ ಅಂತ ಹೇಳಿದರು. ಈ ಕಂಪನಿ ಮುಳುಗಿದ್ದಕ್ಕೆ ನೂರು ಕಾರಣ ಹೇಳುತ್ತಾರೆ. ನನ್ನ ಕೇಳಿದರೆ ಇದು ದೊಡ್ಡದು. ಪಂದ್ಯದ ಫಲಿತಾಂಶ ಮೊದಲೇ ಗೊತ್ತು ಮಾಡಿದ್ದನ್ನು ಜನ ಕ್ಷಮಿಸುತ್ತಾರೆ. ಆ ಮೂರನೆಯ ಜಾಗಕ್ಕೆ ಅವರು ಅತ್ತಿದ್ದರು. ಅಲ್ಲಿ ಸುಳ್ಳು ಹೇಳಿದ್ದನ್ನು ಕ್ಷಮಿಸಲಿಲ್ಲ.

ಕೆರಿಗೆ 1986ರ ಜೂನ್‌ನಲ್ಲಿ ಮೋಟಾರ್ ಸೈಕಲ್ ಅಪಘಾತ ಆಯಿತು. ಬಲಗಾಲಿನ ಪಾದವನ್ನು ತೆಗೆಯಬೇಕಾಯಿತು. ಅದನ್ನು ಮುಚ್ಚಿಟ್ಟು, ಬೂಟಿನೊಳಗೆ ಕೃತಕ ಪಾದ ಹಾಕಿಕೊಂಡು ವರ್ಷಗಟ್ಟಲೆ ಆಡಿದ. ಟೆಕ್ಸಾಸ್ ಟೊರ್ನೇಡೊ ಅನ್ನುವ ಹೆಸರು ಇಲ್ಲಿ ಯಾರಿಗಾದರೂ ನೆನಪಿರಬಹುದು. ಅವನೇ ಕೆರಿ. 1990ರ ಆಗಸ್ಟ್‌ನಲ್ಲಿ ಮಿಸ್ಟರ್ ಪರ್ಫೆಕ್ಟ್‌ನನ್ನು ಸೋಲಿಸಿ ಇಂಟರ್‌ಕಾಂಟಿನೆಂಟಲ್ ಬೆಲ್ಟು ಗೆದ್ದಾಗ ಅವನಿಗೆ ಒಂದು ಪಾದ ಇರಲಿಲ್ಲ. ಕಿರಿಯ ತಮ್ಮ ಕ್ರಿಸ್ 1991ರಲ್ಲಿ, ಕೆರಿ 1993ರಲ್ಲಿ, ಮೈಕ್‌ನ ಹಾಗೇ ಹೋದರು. 1997ರಲ್ಲಿ ಅಪ್ಪ. ಆರು ಮಕ್ಕಳಲ್ಲಿ ಉಳಿದವನು ಬರಿಗಾಲಿನ ಕೆವಿನ್ ಒಬ್ಬನೇ. ಅವನು ಹೆಂಡತಿ ಮಕ್ಕಳ ಜೊತೆ ಹವಾಯಿ ದ್ವೀಪಕ್ಕೆ ಹೋಗಿ ನೆಲೆಸಿದ.

ಇನ್ನು ಬೇರೆ ಮೂವರ ಬೆಲ್ಟುಗಳ ಬಗ್ಗೆ ಬೇಗ ಹೇಳುತ್ತೇನೆ, ಯಾಕೆಂದರೆ ಕಥೆ ಮತ್ತೆ ಟೆಕ್ಸಾಸ್‌ಗೆ ಬರಬೇಕು. ಮೆಕ್ಸಿಕೋದಲ್ಲಿ ಮೂವರ ಕುಸ್ತಿಯೇ ದಿನನಿತ್ಯದ ಊಟ. ಅಲ್ಲಿ ಪ್ರತಿ ಗುಂಪಿಗೂ ಒಬ್ಬ ನಾಯಕ. ನಾಯಕನನ್ನು ಬೀಳಿಸಬೇಕು, ಇಲ್ಲ ಉಳಿದ ಇಬ್ಬರನ್ನೂ ಬೀಳಿಸಬೇಕು. ಅವರಿಗೆ ಈ ಬೆಲ್ಟು ವಿಶೇಷ ಅಲ್ಲ, ಸಹಜ. ಜಪಾನಿನ ನ್ಯೂ ಜಪಾನ್ ಕಂಪನಿ 2016ರ ಜನವರಿ 4ರಂದು ಟೋಕಿಯೋ ಡೋಮ್‌ನಲ್ಲಿ ತನ್ನದೊಂದು ಮೂವರ ಬೆಲ್ಟು ಶುರು ಮಾಡಿತು. ಅದೇ ವರ್ಷ ಅಮೆರಿಕದ ರಿಂಗ್ ಆಫ್ ಆನರ್ ಕಂಪನಿ ಕೂಡ. 2022ರಲ್ಲಿ ಅಮೆರಿಕದ ಇನ್ನೊಂದು ಕಂಪನಿ ಎಇಡಬ್ಲ್ಯೂ ಟ್ರಯೋಸ್, ಅಂದರೆ ಮೂವರ, ಬೆಲ್ಟು ತಂದಿತು.

ಅಮೆರಿಕದ ಪೂರ್ವ ಭಾಗದಲ್ಲಿ ಎಂಬತ್ತರ ದಶಕದಲ್ಲೇ ಇನ್ನೊಂದಿತ್ತು, ಎನ್‌ಡಬ್ಲ್ಯೂಎ ಅನ್ನುವ ಕುಸ್ತಿ ಕಂಪನಿಗಳ ಒಕ್ಕೂಟದ್ದು. ಎನ್‌ಡಬ್ಲ್ಯೂಎ ವರ್ಲ್ಡ್ ಸಿಕ್ಸ್ ಮ್ಯಾನ್. 1986ರಲ್ಲಿ ಅದನ್ನು ಗೆದ್ದವರು ಡಸ್ಟಿ ರೋಡ್ಸ್ ಮತ್ತು ರೋಡ್ ವಾರಿಯರ್ಸ್ ಜೋಡಿ ಹಾಕ್, ಅನಿಮಲ್. ಮುಖಕ್ಕೆ ಬಣ್ಣ ಬಳಿದ ಇಬ್ಬರು ದೈತ್ಯರು, ನಡುವೆ ಹೊಟ್ಟೆ ಬಿಟ್ಟ ಒಬ್ಬ ಸಾಮಾನ್ಯ ಮನುಷ್ಯ. ಡಸ್ಟಿ ಪ್ಲಂಬರ್ ಮಗ, ಟೆಕ್ಸಾಸ್‌ನ ಆಸ್ಟಿನ್ ಊರಿನವರು. ಇಲ್ಲಿಯೂ ಕಥೆ ಇರುವುದು ಮೂರನೆಯವನಲ್ಲೇ. 1988ರ ಕೊನೆಗೆ ವಾರಿಯರ್ಸ್ ತಿರುಗಿಬಿದ್ದು ತಮ್ಮ ಭುಜದ ಕವಚದ ಮೊಳೆಯನ್ನು ಡಸ್ಟಿಯ ಕಣ್ಣಿಗೆ ಚುಚ್ಚಿದರು. ಆ ಜಾಗಕ್ಕೆ ಜಪಾನಿನ ಟೆನ್ರ್ಯು ಬಂದರು. ಮರುವರ್ಷ ಆ ಬೆಲ್ಟೇ ನಿಂತುಹೋಯಿತು.

ಡಸ್ಟಿಯ ಮಕ್ಕಳಲ್ಲಿ ಒಬ್ಬ ಡಸ್ಟಿನ್. 1991ರಲ್ಲಿ ಡಬ್ಲ್ಯೂಸಿಡಬ್ಲ್ಯೂ ಕಂಪನಿ ಒಂದು ಮೂವರ ಬೆಲ್ಟು ಮಾಡಿ ವರ್ಷ ತುಂಬುವ ಮೊದಲೇ ಮುಚ್ಚಿತು. ಅಷ್ಟರಲ್ಲಿ ಅದನ್ನು ಗೆದ್ದವರಲ್ಲಿ ಡಸ್ಟಿನ್ ಒಬ್ಬ, ಬಿಗ್ ಜಾಶ್ ಮತ್ತು ಟಾಮ್ ಝೆಂಕ್ ಜೊತೆ. 22 ವರ್ಷ ವಯಸ್ಸು. ಸೋಲಿಸಿದ್ದು ಯಾರನ್ನು ಅಂದರೆ ಫ್ರೀಬರ್ಡ್ಸ್ ಅನ್ನು. ಅದೇ ಮೈಕೆಲ್ ಹೇಯ್ಸ್, ಪಕ್ಕದಲ್ಲಿ ಬೇರೆ ಇಬ್ಬರು. ಗೋರ್ಡಿ ಮತ್ತು ರಾಬರ್ಟ್ಸ್ ಜಾಗದಲ್ಲಿ ಜಿಮ್ಮಿ ಗಾರ್ವಿನ್, ಜೊತೆಗೆ ಮುಖವಾಡ ಹಾಕಿದ ಬ್ರ್ಯಾಡ್ ಆರ್ಮ್‌ಸ್ಟ್ರಾಂಗ್.

ಕೆವಿನ್‌ಗೆ ಇಬ್ಬರು ಗಂಡು ಮಕ್ಕಳು, ರಾಸ್ ಮತ್ತು ಮಾರ್ಷಲ್. ಇಬ್ಬರೂ ಕುಸ್ತಿಗೆ ಬಂದರು. ಮಾರ್ಷಲ್ ಅಪ್ಪನ ಹಾಗೆ ಬರಿಗಾಲಿನಲ್ಲಿ ಆಡುತ್ತಾನೆ. ಆ ಮನೆಯಲ್ಲಿ ನಡೆದದ್ದನ್ನು ತಿಳಿದವರಿಗೆ ಈ ಹುಡುಗರನ್ನು ರಿಂಗಿನಲ್ಲಿ ನೋಡುವಾಗ ಎದೆ ಸ್ವಲ್ಪ ಬಿಗಿಯುತ್ತದೆ. ನನಗಂತೂ ಹಾಗಾಗುತ್ತದೆ. ಮೂವರ ಬೆಲ್ಟಿಗೆ ಆಡಬೇಕು ಅಂದರೆ ಇವರಿಗೆ ಇನ್ನೊಬ್ಬ ಬೇಕು.

2024ರಲ್ಲಿ, ಡಲ್ಲಾಸ್ ಮತ್ತು ಫೋರ್ಟ್ ವರ್ತ್ ನಡುವಿನ ಆರ್ಲಿಂಗ್ಟನ್ ಊರಿನಲ್ಲಿ, ರಿಂಗ್ ಆಫ್ ಆನರ್‌ನ ಖಾಲಿ ಬಿದ್ದಿದ್ದ ಸಿಕ್ಸ್ ಮ್ಯಾನ್ ಬೆಲ್ಟಿಗೆ ಪಂದ್ಯ ನಡೆಯಿತು. ಸ್ಪೋರ್ಟಟೋರಿಯಮ್ ಅನ್ನು ಆ ಹೊತ್ತಿಗೆ ಕೆಡವಿ ಇಪ್ಪತ್ತು ವರ್ಷ ದಾಟಿತ್ತು. ರಿಯೂನಿಯನ್ ಅರೀನಾ ಇಲ್ಲ. ಟೆಕ್ಸಾಸ್ ಸ್ಟೇಡಿಯಂ ಅನ್ನು 2010ರಲ್ಲಿ ಸಿಡಿಮದ್ದು ಇಟ್ಟು ಉರುಳಿಸಿದ್ದರು. ರಾಸ್ ಮತ್ತು ಮಾರ್ಷಲ್ ಪಕ್ಕ, ಹಗ್ಗ ಹಿಡಿದು, ಕೈ ಚಾಚಿ ನಿಂತಿದ್ದ ಮೂರನೆಯವನು 55 ವರ್ಷದ ಡಸ್ಟಿನ್ ರೋಡ್ಸ್. ಗೆದ್ದರು. ಡೇವಿಡ್ ತನ್ನ ಪಾಲನ್ನು ಬಡಿ ರಾಬರ್ಟ್ಸ್‌ಗೆ ಬಿಟ್ಟುಕೊಟ್ಟು ಆಗ 41 ವರ್ಷ ಆಗಿತ್ತು.